ಥಾರ್ ಮರುಭೂಮಿಯ ಕತೆ ಯಾರ ಬಾಯಲ್ಲಿ ಕೇಳಬೇಕು? ನಾಲ್ಕು ಕಡೆ ಕೇಳಿ ಬಂದೆ

ರಾಜಸ್ಥಾನಕ್ಕೆ ಹೊರಟಾಗ ಕೋಟೆ ನೋಡುವುದಕ್ಕಿಂತ ಅಲ್ಲಿನ ಕತೆ ಕೇಳುವ ಆಸೆಯೇ ನನಗೆ ಜಾಸ್ತಿ ಇತ್ತು. ಮರಳಿನ ನಡುವೆ ಜನ ಹೇಗೆ ಬದುಕಿದರು, ಏನು ತಿಂದರು, ನೀರಿಗೆ ಏನು ಮಾಡಿದರು ಅಂತ. ಒಂದು ವಾರದಲ್ಲಿ ನಾಲ್ಕು ಕಡೆ ಕಿವಿಗೊಟ್ಟೆ. ನಾಲ್ಕೂ ಯಾರು ಬೇಕಾದರೂ ಹೋಗಿ ಕೇಳಬಹುದಾದವು.

ಮೊದಲನೆಯದು ಜೋಧಪುರದ ಮೆಹ್ರಾನ್‌ಗಢ ಕೋಟೆಯ ಆಡಿಯೋ ಗೈಡ್. ಕಿವಿಗೆ ಹಾಕಿಕೊಂಡು ನಮ್ಮ ಪಾಡಿಗೆ ನಾವು ನಡೆಯಬಹುದು. ಅವಸರ ಇಲ್ಲ, ಬೇಕಾದ ಕಡೆ ನಿಲ್ಲಬಹುದು. 1459ರಲ್ಲಿ ರಾವ್ ಜೋಧಾ ಕೋಟೆ ಕಟ್ಟಲು ಶುರು ಮಾಡಿದ್ದರಿಂದ ಹಿಡಿದು ರಾಜಮನೆತನದ ಕತೆ ಅಚ್ಚುಕಟ್ಟಾಗಿ ಸಿಗುತ್ತದೆ. ಲೋಹಾ ಪೋಲ್ ಬಾಗಿಲ ಹತ್ತಿರ ಸತಿ ಹೋದ ರಾಣಿಯರ ಕೈ ಗುರುತುಗಳಿವೆ. 1843ರಲ್ಲಿ ಮಹಾರಾಜ ಮಾನ್ ಸಿಂಗ್ ತೀರಿಕೊಂಡಾಗ ಚಿತೆ ಏರಿದವರವು. ಬೆರಳುಗಳು ಅಷ್ಟು ಸಣ್ಣವು. ನಮ್ಮೂರಿನ ಮಾಸ್ತಿಕಲ್ಲಿನ ಬಳೆ ತೊಟ್ಟ ಕೈ ನೆನಪಾಗಿ ತುಂಬಾ ಹೊತ್ತು ಅಲ್ಲೇ ನಿಂತೆ. ಏನೇನೋ ಕೇಳಬೇಕು ಅನ್ನಿಸಿತು. ಆದರೆ ಯಂತ್ರವನ್ನು ಏನು ಕೇಳುವುದು?

ಎರಡನೆಯದು ಜೈಸಲ್ಮೇರ್ ಹತ್ತಿರದ ಕುಲಧರಾ, ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಊರು. ಅಲ್ಲಿಗೆ ಒಬ್ಬ ಗೈಡ್ ಕರೆದುಕೊಂಡು ಹೋಗಿದ್ದೆ. ಅವರು ಪೂರ್ತಿ ಹೊತ್ತು ದೆವ್ವ, ಶಾಪ, ಜೈಸಲ್ಮೇರಿನ ದಿವಾನ ಸಾಲಿಂ ಸಿಂಗನ ಕಾಟ ಇಷ್ಟನ್ನೇ ಹೇಳಿದರು. ನನಗೆ ನಿಜವಾಗಿ ಬೇಸರವಾಯಿತು. ಯಾಕೆಂದರೆ ಈ ಪಾಲೀವಾಲರು ಖಡೀನ್ ಅನ್ನುವ ಬೇಸಾಯಕ್ಕೆ ಹೆಸರಾದವರು. ಇಳಿಜಾರಿನ ಕೆಳಗೆ ಮಣ್ಣಿನ ಏರಿ ಹಾಕಿ ಮಳೆನೀರು ತಡೆಯುವುದು, ನೀರು ಇಂಗಿದ ಮೇಲೆ ಆ ತೇವದಲ್ಲೇ ಚಳಿಗಾಲಕ್ಕೆ ಗೋಧಿ ಬಿತ್ತುವುದು. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಜಾಗದಲ್ಲಿ ಗೋಧಿ! ಇಂಥ ಜನರ ಬಗ್ಗೆ ಹೇಳುವುದಕ್ಕೆ ದೆವ್ವ ಯಾಕೆ ಬೇಕು, ಅಲ್ವಾ? ಅಲ್ಲಿಗೆ ಹೋಗುವುದಾದರೆ ಖಡೀನ್ ಬಗ್ಗೆ ಮೊದಲೇ ಓದಿಕೊಂಡು ಹೋಗಿ.

ಮೂರನೆಯದು ಮೆಹ್ರಾನ್‌ಗಢದ ಬುಡದಲ್ಲೇ ಇರುವ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್. ಬೆಳಿಗ್ಗೆ ಗೈಡ್ ಜೊತೆ ನಡೆಯುತ್ತಾ ಕೇಳುವುದು. ಇಲ್ಲಿ ಗಿಡವೇ ಇತಿಹಾಸ. ಹಸಿರಾಗಲಿ ಅಂತ ಹಿಂದೆ ಹೊರಗಿನಿಂದ ತಂದು ಹರಡಿದ ಒಂದು ಜಾಲಿ ಬಂಡೆಯನ್ನೆಲ್ಲ ನುಂಗಿತ್ತು. ಅಲ್ಲಿಯವರು ಅದಕ್ಕೆ ಬಾವಳಿಯಾ, ಹುಚ್ಚುಗಿಡ, ಅನ್ನುತ್ತಾರೆ. ಎಲೆ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಬಳ್ಳಾರಿ ಜಾಲಿ! ನಮ್ಮ ಕೆರೆ ಅಂಗಳಗಳನ್ನು ತುಂಬಿಕೊಂಡಿರುವುದೂ ಇದೇ. 2006ರಿಂದ ಅದನ್ನು ಬೇರುಸಮೇತ ಕಿತ್ತು ಅಲ್ಲಿನ ನೆಲದ ಗಿಡಗಳನ್ನೇ ಮತ್ತೆ ನೆಟ್ಟಿದ್ದಾರೆ. ಬಂಡೆ ಒಡೆದು ಬೇರು ತೆಗೆದವರು ಖಂಡ್ವಾಲಿಯಾ ಅನ್ನುವ ಕಲ್ಲು ಒಡೆಯುವ ಜನ. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಕಲ್ಲು ಎಲ್ಲಿ ಬಿರುಕು ಬಿಡುತ್ತದೆ ಅಂತ ಹೇಳಬಲ್ಲವರು. ಈ ಒಂದು ಮಾತು ನನಗೆ ರಾಜರ ಎಷ್ಟೋ ಯುದ್ಧಗಳಿಗಿಂತ ದೊಡ್ಡದಾಗಿ ಕಂಡಿತು. ಕೋಟೆಯ ಕಲ್ಲನ್ನೂ ಇಂಥ ಕೈಗಳೇ ತೆಗೆದಿರಬೇಕಲ್ಲವೇ. ತೊಂದರೆ ಒಂದೇ, ಬಿಸಿಲು ಏರಿದ ಮೇಲೆ ಕಿವಿ ಕೇಳಿದರೂ ಕಾಲು ಕೇಳುವುದಿಲ್ಲ. ಬೇಗ ಹೋಗಿ, ನೀರು ಒಯ್ಯಿರಿ.

ನಾಲ್ಕನೆಯದು ಜೋಧಪುರದಿಂದ ಆಚೆ ಮೋಕಲಾವಾಸ್‌ನ ಅರ್ನಾ ಝರ್ನಾ ಮ್ಯೂಸಿಯಂ. ನನ್ನ ಆಯ್ಕೆ ಇದೇ. ಲಂಗಾ, ಮಾಂಗಣಿಯಾರ್ ಹಾಡುಗಾರರನ್ನು ಜಗತ್ತಿಗೆ ಕೇಳಿಸಿದ ಜಾನಪದ ವಿದ್ವಾಂಸ ಕೋಮಲ್ ಕೋಠಾರಿ ಅವರ ಕನಸು ಇದು. ಒಳಗೆ ಕತ್ತಿ ಇಲ್ಲ, ಸಿಂಹಾಸನ ಇಲ್ಲ. ಪೊರಕೆಗಳಿವೆ! ರಾಜಸ್ಥಾನದ ಬೇರೆ ಬೇರೆ ಮೂಲೆಯ ನೂರಕ್ಕೂ ಹೆಚ್ಚು ಪೊರಕೆಗಳು. ರಾಜರ ಗಡಿ ಬಿಟ್ಟು, ಜನ ತಿನ್ನುವ ಧಾನ್ಯದಿಂದ ನಾಡನ್ನು ನೋಡಬೇಕು ಅನ್ನುವುದು ಕೋಠಾರಿ ಅವರ ದಾರಿ. ಸಜ್ಜೆಯ ಸೀಮೆ, ಜೋಳದ ಸೀಮೆ, ಮೆಕ್ಕೆಜೋಳದ ಸೀಮೆ. ಮಳೆ ಬದಲಾದರೆ ಧಾನ್ಯ ಬದಲಾಗುತ್ತದೆ, ಹುಲ್ಲು ಬದಲಾಗುತ್ತದೆ, ಪೊರಕೆಯೂ ಬದಲಾಗುತ್ತದೆ. ಮನೆ ಒಳಗೆ ಗುಡಿಸುವ ಪೊರಕೆ ಹೆಣ್ಣು, ಹೊರಗೆ ಗುಡಿಸುವುದು ಗಂಡು. ಪೊರಕೆ ತುಳಿಯಬಾರದು, ಅದು ಲಕ್ಷ್ಮಿ. ನಮ್ಮ ಅಜ್ಜಿ ಹೇಳುತ್ತಿದ್ದ ಮಾತೇ ಅಲ್ಲೂ ಕೇಳಿಸಿತು.

ಮಾಂಗಣಿಯಾರರ ಬಗ್ಗೆಯೂ ಕೇಳಿದೆ. ಅವರು ಮುಸಲ್ಮಾನರು, ಹಾಡುವುದು ಹೆಚ್ಚಾಗಿ ಹಿಂದೂ ಯಜಮಾನರ ಮನೆಯ ಹುಟ್ಟಿಗೆ, ಮದುವೆಗೆ. ಆ ಮನೆತನದ ಪೀಳಿಗೆಯೆಲ್ಲ ಅವರ ನಾಲಿಗೆಯ ಮೇಲೆ. ನಮ್ಮ ಕಡೆ ಎತ್ತಿನ ಮೇಲೆ ಬಂದು ವಂಶ ಹೇಳುವ ಹೆಳವರ ವಿಷಯ ನಾನು ಹೇಳಿದಾಗ, ತೋರಿಸುತ್ತಿದ್ದವರು ಮಾತು ನಿಲ್ಲಿಸಿ ಆಸಕ್ತಿಯಿಂದ ಕೇಳಿದರು.

ಇಲ್ಲಿ ಹೆಚ್ಚು ಫಲಕಗಳನ್ನು ಹುಡುಕಬೇಡಿ. ತೋರಿಸುವವರನ್ನು ಕೇಳಬೇಕು. ಸುಮ್ನೆ ಸುತ್ತಿ ಬಂದರೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ನಾನು ಮೂರು ಗಂಟೆ ಇದ್ದೆ. ಒಂದೇ ದಿನ ಇದ್ದರೆ ಬೆಳಿಗ್ಗೆ ಪಾರ್ಕ್, ಮಧ್ಯಾಹ್ನ ಇಲ್ಲಿ. ಕೋಟೆಗೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಹೊರಡುವಾಗ ತೋರಿಸುತ್ತಿದ್ದವರು ಕೇಳಿದರು: "ನಿಮ್ಮ ಕಡೆ ಯಾವ ಧಾನ್ಯ? ಪೊರಕೆ ಯಾವುದರದ್ದು?" ರಾಗಿ ಅಂದೆ. ಮನೆ ಒಳಗೆ ಹುಲ್ಲಿನದು, ಅಂಗಳಕ್ಕೆ ತೆಂಗಿನ ಗರಿ ಕಡ್ಡಿಯದು ಅಂದೆ. ಕಡ್ಡಿಯನ್ನು ಗರಿಯಿಂದ ಹೇಗೆ ಸೀಳಿ ತೆಗೆಯುತ್ತೀರಿ ಅಂತ ಕೇಳಿದರು. ಕೈಯಲ್ಲಿ ಗರಿ ಇಲ್ಲದಿದ್ದರೂ ಅಲ್ಲೇ ಕೂತು ಬೆರಳಲ್ಲಿ ಮಾಡಿ ತೋರಿಸಿದೆ.