ಪುಸ್ತಕದಿಂದ ಹುಟ್ಟಿದ ಫ್ರೆಂಚ್ ಪ್ರೊಗ್ರೆಸಿವ್ ರಾಕ್: ನಾಲ್ಕು ಆಲ್ಬಂಗಳ ಹೋಲಿಕೆ

ಸಾಹಿತ್ಯ ಕೃತಿಯನ್ನು ರಾಕ್ ಸಂಗೀತಕ್ಕೆ ಅಳವಡಿಸುವುದೆಂದರೆ ಕಥೆಯನ್ನು ಹಾಡುಗಳಾಗಿ ವಿಂಗಡಿಸಿ ಹೇಳುವುದು ಎಂಬ ಕಲ್ಪನೆಗೆ ಇಂಗ್ಲಿಷ್ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ 1974ರಲ್ಲಿ ಹೊರತಂದ ಆಲ್ಬಂ ಒಳ್ಳೆಯ ನಿದರ್ಶನ. ಭೂಗರ್ಭ ಯಾತ್ರೆಯ ಕುರಿತು ಜೂಲ್ ವೆರ್ನ್ 1864ರಲ್ಲಿ ಪ್ರಕಟಿಸಿದ ಫ್ರೆಂಚ್ ಕಾದಂಬರಿಯನ್ನು ಅವರು ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಗಾಯಕವೃಂದ ಮತ್ತು ಒಬ್ಬ ನಿರೂಪಕನ ನೆರವಿನಿಂದ ಇಂಗ್ಲಿಷಿನಲ್ಲಿ ಪ್ರಸ್ತುತಪಡಿಸಿದರು. ನಿರೂಪಕನು ಘಟನೆಗಳನ್ನು ಒಂದೊಂದಾಗಿ ತಿಳಿಸುತ್ತಾನೆ, ಸಂಗೀತವು ಅವನ್ನು ಹಿಂಬಾಲಿಸುತ್ತದೆ. ಕೇಳಲು ಸೊಗಸಾಗಿದ್ದರೂ ಕಾದಂಬರಿಯನ್ನು ಓದಿದವರಿಗೆ ಇದರಿಂದ ಹೊಸದೇನೂ ದೊರೆಯುವುದಿಲ್ಲ. ಅದೇ ದಶಕದಲ್ಲಿ ಫ್ರಾನ್ಸಿನ ಪ್ರೊಗ್ರೆಸಿವ್ ರಾಕ್ (ದೀರ್ಘ, ಸಂಕೀರ್ಣ ರಚನೆಗಳ ರಾಕ್) ಸಂಗೀತಗಾರರು ಈ ಕೆಲಸವನ್ನು ಹೇಗೆ ನಿಭಾಯಿಸಿದರು ಎಂಬ ಕುತೂಹಲದಿಂದ ನಾಲ್ಕು ಆಲ್ಬಂಗಳನ್ನು ಆರಿಸಿಕೊಂಡು, ಮೊದಲು ಸಂಗೀತವನ್ನಷ್ಟೇ, ಬಳಿಕ ಹಾಡಿನ ಪಠ್ಯವನ್ನೂ ನಿಘಂಟನ್ನೂ ಮುಂದಿಟ್ಟುಕೊಂಡು, ಕೊನೆಗೆ ಮೂಲ ಕೃತಿ ಇದ್ದಲ್ಲಿ ಅದನ್ನು ಓದಿ ಮತ್ತೊಮ್ಮೆ ಕೇಳಿದೆ.

ಸಾಹಿತ್ಯದ ನಂಟು ಶೀರ್ಷಿಕೆಯಲ್ಲೇ ಕಾಣುವುದು ಸ್ಟ್ರಾಸ್‌ಬರ್ಗ್‌ನ ವಾಪಾಸು ತಂಡದ ‘ಸಲಾಂಬೊ’ದಲ್ಲಿ. ಇದರ ಮೂಲ, ಉತ್ತರ ಆಫ್ರಿಕಾದ ಪ್ರಾಚೀನ ನಗರ ಕಾರ್ಥೇಜಿನ ಬಾಡಿಗೆ ಸೈನಿಕರ ದಂಗೆಯನ್ನು ಕುರಿತು ಗುಸ್ತಾವ್ ಫ್ಲೋಬೇರ್ 1862ರಲ್ಲಿ ಪ್ರಕಟಿಸಿದ ಕಾದಂಬರಿ. ಡ್ರಮ್ಸ್ ಇಲ್ಲದೆ, ಕೀಬೋರ್ಡ್, ವಯೋಲಿನ್, ಗಿಟಾರ್ ಮತ್ತು ಸ್ತ್ರೀಕಂಠವನ್ನು ನೆಚ್ಚಿಕೊಂಡ ಈ ಸಂಗೀತಕ್ಕೆ ದೇವಾಲಯದ ಗಾಂಭೀರ್ಯವೇನೋ ಇದೆ. ಆದರೆ ಫ್ಲೋಬೇರ್ ಪುಟಗಟ್ಟಲೆ ವರ್ಣಿಸುವ ರಕ್ತಪಾತ, ಹಸಿವು ಮತ್ತು ಲೋಹದ ಸದ್ದು ಇಲ್ಲಿ ಎಲ್ಲಿಯೂ ಕೇಳಿಸುವುದಿಲ್ಲ. ಯುದ್ಧದ ಕಾದಂಬರಿಯಿಂದ ಯುದ್ಧವನ್ನೇ ಕೈಬಿಟ್ಟಂತಾಗಿದೆ. ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡಬಹುದಾದ ಆಲ್ಬಂ ಈ ನಾಲ್ಕರಲ್ಲಿ ಇದೊಂದೇ. ಅದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ.

ಫ್ರೆಂಚ್ ಗಾಯಕ, ಗೀತರಚನೆಕಾರ ಸೆರ್ಜ್ ಗೇನ್ಸ್‌ಬೂರ್ ಅವರ ‘ಇಸ್ತ್ವಾರ್ ದ ಮೆಲೊಡಿ ನೆಲ್ಸನ್’ 1971ರದು. ಏಳು ಹಾಡುಗಳ, ಸುಮಾರು 28 ನಿಮಿಷಗಳ ಈ ಆಲ್ಬಮನ್ನು ಪ್ರೊಗ್ರೆಸಿವ್ ರಾಕ್ ಎಂದು ಕರೆಯಲು ಕೆಲವರು ಹಿಂಜರಿಯುತ್ತಾರೆ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆ, ಏಳು ನಿಮಿಷ ದಾಟುವ ಆರಂಭ ಮತ್ತು ಅಂತ್ಯ, ರಾಕ್ ವಾದ್ಯಗಳ ಜೊತೆಗೆ ಜಾನ್-ಕ್ಲೋದ್ ವಾನಿಯೆ ಸಂಯೋಜಿಸಿದ ತಂತಿವಾದ್ಯಗಳು ಮತ್ತು ಗಾಯಕವೃಂದ, ಇಷ್ಟೂ ಇರುವಾಗ ನನಗೆ ಆ ಹಿಂಜರಿಕೆ ಅನಗತ್ಯವೆನಿಸುತ್ತದೆ. ಇದರ ಹಿಂದೆ ಇರುವುದು 1955ರಲ್ಲಿ ಪ್ಯಾರಿಸ್ಸಿನಲ್ಲಿಯೇ ಮೊದಲು ಅಚ್ಚಾದ ನಬೊಕೊವ್ ಅವರ ‘ಲೊಲಿತಾ’, ನಡುವಯಸ್ಸಿನವನೊಬ್ಬ ತಾನು ಬಾಲಕಿಯೊಬ್ಬಳನ್ನು ಕೆಡಿಸಿದ್ದನ್ನು ತಾನೇ ಹೇಳಿಕೊಳ್ಳುವ ಕಾದಂಬರಿ. ಗೇನ್ಸ್‌ಬೂರ್ ಆ ಕಾದಂಬರಿಯ ಕಥೆಯನ್ನು ಹೇಳುವುದಿಲ್ಲ. ಇಲ್ಲಿ ನಡುವಯಸ್ಸಿನವನೊಬ್ಬನ ರೋಲ್ಸ್ ರಾಯ್ಸ್ ಕಾರು ಸೈಕಲ್ ಮೇಲೆ ಬರುತ್ತಿದ್ದ ಹುಡುಗಿಗೆ ಡಿಕ್ಕಿ ಹೊಡೆಯುತ್ತದೆ. ಕೊನೆಗೆ ಆ ಹುಡುಗಿ ವಿಮಾನಾಪಘಾತದಲ್ಲಿ ಸಾಯುತ್ತಾಳೆ. ಅವರು ಕಾದಂಬರಿಯಿಂದ ಎತ್ತಿಕೊಂಡದ್ದು ನಿರೂಪಕನ ಧ್ವನಿಯನ್ನು: ತನ್ನ ಅಪರಾಧವನ್ನು ಅಂದವಾದ ಮಾತಿನಲ್ಲಿ ಸುತ್ತಿ ಕೇಳುಗನ ಕೈಗಿಡುವ ಧ್ವನಿ.

ಮೊದಲ ಹಾಡನ್ನೇ ಗಮನಿಸಬಹುದು. ಬಾಸ್ ಗಿಟಾರ್ ಅವಸರವಿಲ್ಲದೆ ಅಡ್ಡಾಡುತ್ತಿರುತ್ತದೆ, ಎಲೆಕ್ಟ್ರಿಕ್ ಗಿಟಾರ್ ನಡುನಡುವೆ ಗೀರು ಎಳೆದಂತೆ ಬಂದು ಹೋಗುತ್ತದೆ, ಅವುಗಳ ಮೇಲೆ ಗೇನ್ಸ್‌ಬೂರ್ ಹಾಡದೆ, ಮೈಕಿಗೆ ಬಾಯಿ ತಾಗುವಷ್ಟು ಹತ್ತಿರದಿಂದ ಮಾತನಾಡುತ್ತಾರೆ. ಗಮಕಿಯು ಪದ್ಯದ ಭಾವವನ್ನು ರಾಗದಲ್ಲಿ ತೆರೆದು ತೋರಿಸುವನಾದರೆ, ಇಲ್ಲಿ ನಿರೂಪಕನು ಭಾವವನ್ನು ಮುಚ್ಚಿಡುತ್ತಾನೆ. ಅವನು ಅಡಗಿಸಿದ್ದನ್ನು ವಾನಿಯೆಯವರ ತಂತಿವಾದ್ಯಗಳು ಬಯಲು ಮಾಡುತ್ತವೆ. ನಟಿ, ಗಾಯಕಿ ಜೇನ್ ಬರ್ಕಿನ್ ಅವರ ದನಿಯಲ್ಲಿ ಬರುವ ಹುಡುಗಿಗೆ ತನ್ನ ಹೆಸರನ್ನು ಹೇಳುವುದಕ್ಕಿಂತ, ನಗುವುದಕ್ಕಿಂತ ಹೆಚ್ಚಿನ ಅವಕಾಶವೇ ಇಲ್ಲ. ನಬೊಕೊವ್ ಅವರ ಕಾದಂಬರಿಯಲ್ಲಿಯೂ ಹುಡುಗಿಯ ಬದುಕು ನಮಗೆ ಕಾಣುವುದು ಅವಳನ್ನು ಕೆಡಿಸಿದವನ ಕಣ್ಣಿನಿಂದಲೇ. ಆದರೆ ಅಲ್ಲಿ ಅವಳ ಅಳು ಒಮ್ಮೊಮ್ಮೆ ವಾಕ್ಯಗಳ ಸಂದಿಯಿಂದ ಕೇಳಿಸಿಬಿಡುತ್ತದೆ. ಆಲ್ಬಂ ಅಷ್ಟು ದೂರ ಹೋಗುವುದಿಲ್ಲ. ಈ ಕೊರತೆಯನ್ನು ಸಂಗೀತದ ಚೆಲುವಿನ ನೆಪದಲ್ಲಿ ಮನ್ನಿಸುವುದು ನನಗೆ ಕಷ್ಟ.

ಮಾಗ್ಮಾ ತಂಡದ ಸ್ಥಾಪಕ, ಡ್ರಮ್ಸ್ ವಾದಕ ಕ್ರಿಸ್ತಿಯಾನ್ ವಾಂಡೇರ್ 1974ರಲ್ಲಿ ‘ತ್ರಿಸ್ತಾನ್ ಎ ಇಸೊ’ ಎಂಬ ಹೆಸರಿನಲ್ಲಿ ಹೊರತಂದ, ಈಗ ‘ವುರ್ದಾ ಇತಾ’ ಎಂಬ ಹೆಸರಿನಲ್ಲಿ ಆ ತಂಡದ ಆಲ್ಬಮಾಗಿ ಪರಿಚಿತವಾಗಿರುವ ಕೃತಿಯದು ಬೇರೆಯೇ ದಾರಿ. ಇವಾನ್ ಲಾಗ್ರಾಂಜ್ ಅವರ ಚಲನಚಿತ್ರಕ್ಕೆ ಹಿನ್ನೆಲೆ ಸಂಗೀತವಾಗಿ ಬಂದ ಇದರಲ್ಲಿ ಇರುವವರು ನಾಲ್ವರೇ: ವಾಂಡೇರ್, ಗಾಯಕರಾದ ಸ್ಟೆಲ್ಲಾ ವಾಂಡೇರ್ ಮತ್ತು ಕ್ಲಾಸ್ ಬ್ಲಾಸ್ಕಿಜ್, ಬಾಸ್ ನುಡಿಸುವ ಜಾನಿಕ್ ತೋಪ್. ಹಾಡಿರುವುದು ಫ್ರೆಂಚಿನಲ್ಲಲ್ಲ, ವಾಂಡೇರ್ ತಾವೇ ಕಟ್ಟಿದ ಕೊಬಾಯನ್ ಭಾಷೆಯಲ್ಲಿ. ಹೀಗಿರುವಾಗ ಇದನ್ನು ಈ ಹೋಲಿಕೆಗೆ ಸೇರಿಸಿದ್ದೇಕೆಂದು ಯಾರಾದರೂ ಕೇಳಬಹುದು. ಹನ್ನೆರಡನೆಯ ಶತಮಾನದಲ್ಲಿ ಬೆರೂಲ್, ತೊಮಾ ಮೊದಲಾದ ಕವಿಗಳು ಹಳೆಯ ಫ್ರೆಂಚಿನಲ್ಲಿ ಹಾಡಿದ ತ್ರಿಸ್ತಾನ್ ಮತ್ತು ಇಸೊ ಅವರ ಈ ಪ್ರಣಯ ಕಥೆ ತುಣುಕುಗಳಾಗಿ ಉಳಿದುಬಂದಿದೆ. ಇಂದಿನ ಓದುಗರಲ್ಲಿ ಬಹುಪಾಲು ಜನ ಅದನ್ನು ತಿಳಿಯುವುದು ಜೋಸೆಫ್ ಬೆದಿಯೆ 1900ರಲ್ಲಿ ಮರುಕಥಿಸಿದ ರೂಪದಿಂದ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳುವ ಹೊರೆ ವಾಂಡೇರ್ ಅವರಿಗಿಲ್ಲ. ಪಿಯಾನೊದ ಒಂದೇ ತುಣುಕು ಪಟ್ಟುಬಿಡದೆ ಮರಳಿ ಮರಳಿ ಬರುತ್ತದೆ, ಅದರ ಮೇಲೆ ಕಂಠಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ, ಡ್ರಮ್ಸ್ ಉಸಿರಾಡಲು ಬಿಡುವುದಿಲ್ಲ. ಪ್ರೇಮ ಹುಟ್ಟಿಸುವ ಮದ್ದನ್ನು ಕುಡಿದ ಆ ಪ್ರೇಮಿಗಳಿಗೆ ಪಾರಾಗುವ ದಾರಿಯಿಲ್ಲ ಎಂಬ ಕಥೆಯ ತಿರುಳು ಈ ಪುನರಾವರ್ತನೆಯಲ್ಲಿ ಇದೆ. ಧ್ವನಿಮುದ್ರಣ ಒರಟಾಗಿದೆ, ನಡುಭಾಗ ಕೊಂಚ ಲಂಬಿಸಿದೆ. ಆದರೂ ಪಠ್ಯದ ಒಂದು ಪದವೂ ಅರ್ಥವಾಗದೆ ಕೃತಿ ಅರ್ಥವಾದದ್ದು ನನಗೆ ಇಲ್ಲಿ ಮಾತ್ರ.

ಬೆಲ್ಫೋರ್‌ನಲ್ಲಿ ದೆಕಾಂ ಸಹೋದರರು ಕಟ್ಟಿದ ಆಂಜ್ ತಂಡದ ‘ಎಮಿಲ್ ಜಾಕೊತೆ’ (1975) ಗ್ರಂಥಸಾಹಿತ್ಯಕ್ಕಿಂತ ಬಾಯಿಮಾತಿನ ಸಾಹಿತ್ಯಕ್ಕೆ ಋಣಿ. ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಜಾಕೊತೆ ಎಂಬ ವೃದ್ಧರು ಹೇಳುತ್ತಿದ್ದ ಕಥೆಗಳು ಇದಕ್ಕೆ ಪ್ರೇರಣೆ, ಅವರ ಸ್ವಂತ ದನಿಯೂ ಆಲ್ಬಮಿನಲ್ಲಿ ಇದೆ. ಕ್ರಿಸ್ತಿಯಾನ್ ದೆಕಾಂ ಹಾಡುವಾಗ ಗಾಯಕರಿಗಿಂತ ಹೆಚ್ಚಾಗಿ ನಟರು. ಪಿಸುಮಾತು, ಗದರಿಕೆ, ಅಣಕ ಎಲ್ಲವೂ ಒಂದೇ ಹಾಡಿನಲ್ಲಿ ಬರುತ್ತವೆ. ಫ್ರೆಂಚ್ ನುಡಿಯ ಸೊಗಸನ್ನು ಕಿವಿಯಿಂದ ಕಲಿಯಬೇಕೆನ್ನುವವರಿಗೆ ನಾಲ್ಕರಲ್ಲಿ ಇದೇ ಒಳ್ಳೆಯದು. ಆದರೆ ಆ ವೃದ್ಧರ ಸರಳ ಮಾತು ಮುಗಿದೊಡನೆ ಆರಂಭವಾಗುವ ಅಭಿನಯ ಕೆಲವೆಡೆ ಅತಿಯೆನಿಸುತ್ತದೆ, ಅವರೇ ಇನ್ನಷ್ಟು ಹೊತ್ತು ಮಾತನಾಡಬಾರದಿತ್ತೇ ಎನಿಸುತ್ತದೆ.

ಒಂದನ್ನೇ ಆರಿಸಬೇಕೆಂದರೆ ನಾನು ವಾಂಡೇರ್ ಅವರ ಆಲ್ಬಮನ್ನು ಆರಿಸುತ್ತೇನೆ. ಸಂಗೀತ ರಚನೆಯ ಕುಶಲತೆಯಲ್ಲಿ ಗೇನ್ಸ್‌ಬೂರ್ ಮತ್ತು ವಾನಿಯೆ ಮುಂದಿದ್ದಾರೆ ಎಂಬುದನ್ನು ಒಪ್ಪಿಕೊಂಡೇ ಈ ಮಾತು. ‘ವುರ್ದಾ ಇತಾ’ವನ್ನು ಕೇಳುವ ಮೊದಲು ಬೆದಿಯೆಯವರ ಪುಟ್ಟ ಪುಸ್ತಕವನ್ನು ಓದಿಕೊಳ್ಳುವುದು ಒಳ್ಳೆಯದು. ‘ಮೆಲೊಡಿ ನೆಲ್ಸನ್’ಗೆ ಅಂಥ ಸಿದ್ಧತೆ ಬೇಕಿಲ್ಲ. ಆದರೆ ಮೊದಲ ಹಾಡಿನ ಬಾಸ್ ಕೊನೆಯ ಹಾಡಿನಲ್ಲಿ ಮರಳಿ ಬರುವುದರಿಂದ ಹಾಡುಗಳ ಕ್ರಮವನ್ನು ಬದಲಿಸದೆ, ಒಂದೇ ಕೂರಿಕೆಯಲ್ಲಿ ಕೇಳಬೇಕು.