ಪೆಪ್ಪರ್ ಸ್ಪ್ರೇ, ಎರಡು ವರ್ಷದ ಬಳಕೆ: ಮೂರು ಸ್ಟಾರ್, ಅದೂ ಅರೆಮನಸ್ಸಿನಿಂದ

ಎರಡು ವರ್ಷ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದ್ದು ಗಂಡಸರ ಭಯಕ್ಕೆ. ಕೊನೆಗೆ ಹೊಡೆದದ್ದು ಒಂದು ನಾಯಿಗೆ. ಹಾಗಾಗಿ ಈ ರಿವ್ಯೂ ಸ್ವಲ್ಪ ಗೋಜಲಾಗಿದೆ, ಬೈಬೇಡಿ.

ಮೊದಲು ವಸ್ತುವಿನ ವಿಷಯ. ಲಿಪ್‌ಸ್ಟಿಕ್‌ಗಿಂತ ಸ್ವಲ್ಪ ದಪ್ಪ ಇರುವ ಕ್ಯಾನು, ಆನ್‌ಲೈನಿನಲ್ಲಿ 350 ರೂಪಾಯಿಗೆ ಕೊಂಡೆ. ಹೆಸರು ಪೆಪ್ಪರ್ ಅಂತಿದ್ದರೂ ಕಾಳುಮೆಣಸಿಗೂ ಇದಕ್ಕೂ ಸಂಬಂಧವಿಲ್ಲ, ಒಳಗಿರುವುದು ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರ, ಓಲಿಯೋರೆಸಿನ್ ಅಂತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದಲೂ ಇದನ್ನು ತೆಗೆಯುತ್ತಾರೆ, ಆದರೆ ಅದು ಖಾರಕ್ಕಲ್ಲ, ಬಣ್ಣಕ್ಕೆ. ಲಿಪ್‌ಸ್ಟಿಕ್ ಮಾಡುವವರೂ ಬಳಸುತ್ತಾರೆ. ಒಂದು ಕಾಯಿ ತುಟಿಗೆ, ಇನ್ನೊಂದು ಕಣ್ಣಿಗೆ. ನನ್ನ ಬ್ಯಾಗಿನಲ್ಲಿ ಎರಡೂ ಒಂದೇ ಜಿಪ್ಪಿನೊಳಗೆ ಇರುತ್ತವೆ.

ಮುಖಕ್ಕೆ ಬಿದ್ದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಮ್ಮು ಬರುತ್ತದೆ, ಉರಿ ಅರ್ಧ ಮುಕ್ಕಾಲು ಗಂಟೆ ಬಿಡುವುದಿಲ್ಲ. ಆಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಸ್ತಮಾ ಇದ್ದವರಿಗಂತೂ ನಿಜಕ್ಕೂ ಅಪಾಯ, ಇದನ್ನು ಕ್ಯಾನಿನ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಹಾಕಿದ್ದಾರೆ. ಹತ್ತು ಅಡಿ ದೂರ ಹೋಗುತ್ತದೆ ಅಂತ ದೊಡ್ಡ ಅಕ್ಷರದಲ್ಲಿದೆ. ಸುಳ್ಳು. ತಾರಸಿಯಲ್ಲಿ ಪರೀಕ್ಷೆ ಮಾಡಿದೆ, ಐದಾರು ಅಡಿ ಹೋಯಿತು, ಅಷ್ಟರಲ್ಲಿ ಗಾಳಿ ತಿರುಗಿ ಪೂರ್ತಿ ಮಂಜು ಹಪ್ಪಳ ಕಾಯಲು ಕೂತಿದ್ದ ಅಪ್ಪನ ಮುಖಕ್ಕೆ. ಅಮ್ಮ ಮಜ್ಜಿಗೆ ಚೆಂಬು ಹಿಡಿದು ಓಡಿಬಂದರು. ಎಣ್ಣೆ ಪದಾರ್ಥವಾದ್ದರಿಂದ ಬರೀ ನೀರಿಗೆ ಸುಲಭವಾಗಿ ಹೋಗುವುದಿಲ್ಲ, ಉಜ್ಜಿದರೆ ಇನ್ನೂ ಹರಡುತ್ತದೆ. ಕಣ್ಣಿಗೆ ತಣ್ಣೀರು ಹುಯ್ಯುತ್ತಲೇ ಇರಬೇಕು, ಕೈಗೆ ಪಾತ್ರೆ ಸೋಪು.

ಅಪ್ಪನ ಸ್ಥಿತಿ ಇನ್ನೊಂದು ಕಾರಣಕ್ಕೂ ತಮಾಷೆಯಾಗಿತ್ತು. ನಾವು ಜೈನರು. ಮನೆಯಲ್ಲಿ ಈರುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ, ನೀರು ಸೋಸದೆ ಕುಡಿಯುವುದಿಲ್ಲ. ಇಂಥ ಮನೆಗೆ ಕೊರಿಯರಿನಲ್ಲಿ ಆಯುಧ ಬಂದಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೆಂಪು ಕಣ್ಣು ಒರೆಸಿಕೊಳ್ಳುತ್ತಾ, "ಇಟ್ಕೋ ಮಗಾ, ವಿರೋಧಿ ಹಿಂಸೆ ಗೃಹಸ್ಥರಿಗೆ ಪೂರ್ತಿ ನಿಷಿದ್ಧ ಅಲ್ಲ" ಅಂದರು. ಹಿಂಸೆಯಲ್ಲಿ ನಾಲ್ಕು ಬಗೆ ಹೇಳುತ್ತಾರೆ. ಬೇಕೆಂದೇ ಮಾಡುವುದು ಸಂಕಲ್ಪಿ, ಅದನ್ನು ಯಾರೂ ಮಾಡಕೂಡದು. ಅಡುಗೆ, ಮನೆಗೆಲಸದಲ್ಲಿ ಆಗುವುದು ಆರಂಭಿ, ದುಡಿಮೆಯಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರಿಂದ ತನ್ನನ್ನೋ ತನ್ನವರನ್ನೋ ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ. ಸನ್ಯಾಸಿಗಳಿಗೆ ನಾಲ್ಕೂ ಇಲ್ಲ, ಸಂಸಾರಿಗಳಿಗೆ ಕೊನೆಯ ಮೂರರಲ್ಲಿ ಸ್ವಲ್ಪ ವಿನಾಯಿತಿ ಇದೆ, ಅದೂ ಎಷ್ಟು ಕಡಿಮೆ ಆಗುತ್ತದೋ ಅಷ್ಟು. ಅಷ್ಟಕ್ಕೂ ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಯಾರು? ಗಂಗರ ಸೇನಾಪತಿ. ಯುದ್ಧ ಮಾಡಿಯೇ ಹೆಸರು ಮಾಡಿದವನು, ನಿಲ್ಲಿಸಿದ್ದು ಮಾತ್ರ ಗೆದ್ದ ಮೇಲೆ ಎಲ್ಲ ಬಿಟ್ಟು ನಿಂತವನನ್ನು. ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲೆತ್ತಿ, ನೆಲಕ್ಕೆ ಅಪ್ಪಳಿಸದೆ ಮೆಲ್ಲಗೆ ಇಳಿಸಿದ ಕಥೆ ನಮಗೆಲ್ಲ ಬಾಯಿಪಾಠ. ಚಿಕ್ಕವಳಿದ್ದಾಗ ಇಳಿಸಿದ್ದೇ ದೊಡ್ಡದು ಅನಿಸುತ್ತಿತ್ತು. ಈಗ ಯೋಚಿಸಿದರೆ, ಎತ್ತಲು ಬಂದಿದ್ದರಿಂದ ತಾನೆ ಇಳಿಸಿದ್ದು, ಅಲ್ವಾ?

ಗಾಂಧಿಯ ಹತ್ತಿರವೂ ಇದೇ ತೊಡಕು ಬಂದಿತ್ತು. 1908ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಅವರನ್ನು ಸಾಯುವ ಹಾಗೆ ಹೊಡೆದಿದ್ದರು. ಆಗ ನಾನು ಜೊತೆಗಿದ್ದಿದ್ದರೆ ಏನು ಮಾಡಬೇಕಿತ್ತು, ಓಡಬೇಕಿತ್ತಾ ಅಂತ ದೊಡ್ಡ ಮಗ ಕೇಳಿದ. ಬಲ ಬಳಸಿಯಾದರೂ ನನ್ನನ್ನು ಕಾಪಾಡುವುದು ನಿನ್ನ ಕರ್ತವ್ಯವಾಗಿತ್ತು ಅಂದರು ಗಾಂಧಿ. ಹೇಡಿತನ ಮತ್ತು ಹಿಂಸೆ, ಇವೆರಡೇ ಇದ್ದರೆ ಹಿಂಸೆಯನ್ನೇ ಹೇಳುತ್ತೇನೆ ಅಂತ 1920ರಲ್ಲಿ ಬರೆದೂ ಬಿಟ್ಟರು. ಇದನ್ನು ಬಹಳ ಜನ ತಮಗೆ ಬೇಕಾದ ಹಾಗೆ ಕತ್ತರಿಸಿಕೊಂಡು ಹಂಚುತ್ತಾರೆ. ಅದೇ ಲೇಖನದಲ್ಲಿ ಅಹಿಂಸೆ ಹಿಂಸೆಗಿಂತ ಎಷ್ಟೋ ಮೇಲು ಅಂತಲೂ ಇದೆ, ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಸರಿ, ನಾಯಿ. ಬೆಳಗಿನ ಶಿಫ್ಟಿಗೆ ಐದೂವರೆಗೆ ಹೊರಡುತ್ತೇನೆ, ಬೀದಿದೀಪ ಅರ್ಧ ಕೆಟ್ಟಿರುತ್ತವೆ. ಮೋರಿ ಚಪ್ಪಡಿಯ ಹತ್ತಿರ ಒಂದು ಕಂದು ನಾಯಿ ಗುರ್ ಅಂದು ನುಗ್ಗಿತು. ಕಚ್ಚಿರಲಿಲ್ಲ. ನಿಂತು, ನೆಲ ನೋಡುತ್ತಾ, ಮೆಲ್ಲಗೆ ಹಿಂದೆ ಸರಿದಿದ್ದರೆ ಆಗುತ್ತಿತ್ತೇನೋ; ಬೇರೆ ದಿನಗಳಲ್ಲಿ ಹಾಗೆ ಮಾಡಿದ್ದೇನೆ ಕೂಡ. ಅವತ್ತು ಕೈಯಲ್ಲಿ ಕ್ಯಾನಿತ್ತು. ಒತ್ತಿದೆ. ಅದು ಮುಖವನ್ನು ಮಣ್ಣಿಗೆ ಉಜ್ಜುತ್ತಾ ಕೂಗಿದ ಸದ್ದು ಇಲ್ಲಿ ಬರೆಯಲು ಆಗುವುದಿಲ್ಲ. ಚಪ್ಪಡಿಯ ಕೆಳಗಿನಿಂದ ಕುಂಯ್ ಕುಂಯ್ ಅಂತ ಮರಿಗಳ ದನಿ. ನಾಲ್ಕೋ ಐದೋ. ಅಂದರೆ ವಿರೋಧಿ ಹಿಂಸೆ ಮಾಡುತ್ತಿದ್ದದ್ದು ಅದು, ನಾನಲ್ಲ.

ಕಾಯಿಸಿ ಆರಿಸಿದ ನೀರಿನ ಬಾಟಲಿ ಪೂರ್ತಿ ಅದರ ಕಡೆ ಚೆಲ್ಲಿದೆ, ಅದು ಇನ್ನೂ ಹೆದರಿ ದೂರ ಓಡಿತು. ಬಸ್ಸಿನಲ್ಲಿ ಕೂತು ಯೋಚಿಸಿದೆ: ಬ್ಯಾಗಿನಲ್ಲಿ ಚಾಕು ಇದ್ದಿದ್ದರೆ ತೆಗೆಯುತ್ತಿದ್ದೆನಾ? ಖಂಡಿತ ಇಲ್ಲ. ಇದು ತೆಗೆದದ್ದು ಯಾಕೆ ಅಂದರೆ, "ಏನೂ ಆಗಲ್ಲ, ಅರ್ಧ ಗಂಟೆ ಉರಿ ಅಷ್ಟೇ" ಅಂತ ಮನಸ್ಸು ಮೊದಲೇ ಒಪ್ಪಿಕೊಂಡಿತ್ತು. ಈ ಪ್ರಾಡಕ್ಟಿನ ದೊಡ್ಡ ದೋಷ ಇದೇ ಅನಿಸುತ್ತದೆ, ಗಾಳಿಗೆ ತಿರುಗುವುದಲ್ಲ. ಆಯುಧ ಮೆತ್ತಗಿದ್ದಷ್ಟೂ ಕೈ ಬೇಗ ಏಳುತ್ತದೆ. ರಾಸಾಯನಿಕ ಅಸ್ತ್ರಗಳ ಬಗ್ಗೆ 1993ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಗೊತ್ತಲ್ಲ, ಅದರ ಪ್ರಕಾರ ಅಶ್ರುವಾಯು ತರಹದ ಇಂಥವನ್ನು ಯುದ್ಧದಲ್ಲಿ ಅಸ್ತ್ರವಾಗಿ ಬಳಸುವಂತಿಲ್ಲ, ಆದರೆ ದೇಶದೊಳಗೆ ಪೊಲೀಸರು ಗಲಭೆ ಅಡಗಿಸಲು ಬಳಸಬಹುದು. ರಣರಂಗದಲ್ಲಿ ಒಂದು ಕಡೆಯವರು ಇದನ್ನು ಬಿಟ್ಟರೆ ಎದುರಿನವರು ವಿಷಾನಿಲ ಅಂದುಕೊಂಡು ಅದಕ್ಕಿಂತ ಘೋರವಾದದ್ದನ್ನು ಬಿಡಬಹುದು, ಅದಕ್ಕೆ. ಯುದ್ಧದಲ್ಲಿ ಬೇಡ ಅಂದದ್ದು ನನ್ನ ಬ್ಯಾಗಿನಲ್ಲಿ ಲಿಪ್‌ಸ್ಟಿಕ್ ಪಕ್ಕ ಇದೆ.

ಕಾನೂನೂ ಹೇಳಿಬಿಡುತ್ತೇನೆ, ಮಾರುವವರು ಹೇಳಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಸೆಕ್ಷನ್‌ವರೆಗೆ ಇದೆ. 37 ಓದಿ. ಕಾಪಾಡಿಕೊಳ್ಳಲು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ, ಪೊಲೀಸರ ಹತ್ತಿರ ಹೋಗಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಅದೇ ವರ್ಷ ಮೇನಲ್ಲಿ, ಕಾವಲುಗಾರರ ಜೊತೆ ಜಗಳವಾಗಿ ಸ್ಪ್ರೇ ಹೊಡೆದರು ಅನ್ನುವ ಪ್ರಕರಣವೊಂದನ್ನು ರದ್ದು ಮಾಡಲು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧ ಅಂತಲೇ ನೋಡಿತು. ಪಾರ್ಕಿಂಗ್ ಜಗಳಕ್ಕೆ, ಓನರ್ ಜೊತೆ ಬಾಡಿಗೆ ಜಗಳಕ್ಕೆ ಇದನ್ನು ತೆಗೆಯುವ ಯೋಚನೆ ಇದ್ದರೆ ಕೊಳ್ಳಲೇಬೇಡಿ.

ಹಾಗಾದರೆ ಎಸೆದೆನಾ? ಇಲ್ಲ. ಹಿಂದಿನ ವರ್ಷ ಒಬ್ಬ ಬೈಕಿನವನು ಎರಡು ತಿರುವು ಹಿಂದೆಯೇ ಬಂದಾಗ ಇದು ಮುಷ್ಟಿಯಲ್ಲಿ ಇತ್ತು ಅನ್ನುವ ಕಾರಣಕ್ಕೇ ನಾನು ಓಡಲಿಲ್ಲ, ತಿರುಗಿ ನಿಂತು "ಏನ್ರೀ?" ಅಂತ ಜೋರಾಗಿ ಕೇಳಿದೆ, ಅವನು ಹೊರಟುಹೋದ. ತೆಗೆಯಲೇ ಇಲ್ಲ. ಎರಡು ವರ್ಷದಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಅವತ್ತೊಂದೇ ದಿನ.

ಕ್ಯಾನಿನ ಅವಧಿ ಮುಂದಿನ ಮಾರ್ಚಿಗೆ ಮುಗಿಯುತ್ತದೆ. ಮತ್ತೆ ಕೊಳ್ಳುತ್ತೇನೆ, ಈ ಸಲ ಮಂಜಿನ ತರಹದ್ದಲ್ಲ, ನೇರ ಧಾರೆ ಹೋಗುವಂಥದ್ದು. ನೀವೂ ಅದನ್ನೇ ನೋಡಿ, ತಯಾರಿಸಿದ ತಿಂಗಳು ನೋಡಿಕೊಳ್ಳಿ, ವಿಮಾನದ ಕ್ಯಾಬಿನ್ ಬ್ಯಾಗಿಗೆ ಹಾಕಬೇಡಿ. ಬೆಳಗ್ಗೆ ಮಾತ್ರ ಈಗ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡು ಹೋಗುತ್ತೇನೆ. ಮರಿಗಳು ಬಂದು ತಿನ್ನುತ್ತವೆ. ತಾಯಿ ರಸ್ತೆಯ ಆ ಕಡೆ ನಿಂತಿರುತ್ತದೆ, ನಾನು ಹೋಗುವವರೆಗೆ ಈ ಕಡೆ ಬರುವುದಿಲ್ಲ.