ಮೂರು ವರ್ಷ ಬಳಸಿದ ಮೇಲೆ: ಸರಿಯಾದ ಪಾಸ್‌ವರ್ಡನ್ನೂ ತಪ್ಪು ಅನ್ನುವ ನಮ್ಮ ಮನೆಯ ವೈಫೈ ರೂಟರ್

ಮನೆಗೆ ಫೈಬರ್ ಲೈನ್ ಹಾಕಿಸಿ ಮೂರು ವರ್ಷ ಆಯಿತು. ಲೈನ್ ಜೊತೆ ಆಪರೇಟರ್ ಕೊಟ್ಟ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಸಿಗ್ನಲ್ ಕೊಡುವ) ರೂಟರನ್ನೇ ಇವತ್ತಿಗೂ ಬಳಸುತ್ತಿದ್ದೇವೆ. ಒಂದು ವಾರ ಬಳಸಿ ಐದು ಸ್ಟಾರ್ ಕೊಟ್ಟವರ ವಿಮರ್ಶೆ ಬೇಕಾದಷ್ಟು ಸಿಗುತ್ತದೆ. ಮೂರು ವರ್ಷ ಆದ ಮೇಲೆ ಏನಾಗುತ್ತೆ ಅಂತ ಬರೆಯುವವರು ಕಡಿಮೆ. ಕಂಪನಿ ಹೆಸರು ಹಾಕಿಲ್ಲ. ನಾನು ಹೇಳುವ ತೊಂದರೆ ಯಾವ ಕಂಪನಿಯ ರೂಟರ್‌ನಲ್ಲಾದರೂ ಬರಬಹುದು.

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಹಳೇ ಮನೆ, ದಪ್ಪ ಗೋಡೆ. ಕೆಳಗೆ ಅತ್ತೆ ಮಾವ, ಮಹಡಿ ಮೇಲೆ ನಾವು. ಫೈಬರ್ ಕಂಬದಿಂದ ತಾರಸಿ ಮೇಲೆ ಬಂದು ಇಳಿದಿದ್ದರಿಂದ ರೂಟರ್ ಮಹಡಿಯಲ್ಲೇ ಇದೆ, ನಾನು ಸಂಜೆ ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುವ ರೂಮಿನಲ್ಲಿ. ನಮ್ಮದು 100 ಎಂಬಿಪಿಎಸ್ ಪ್ಲಾನ್. ಅದೇ ರೂಮಿನಲ್ಲಿ 5 ಗಿಗಾಹರ್ಟ್ಸ್‌ನಲ್ಲಿ 90ರ ಮೇಲೆ ಬರುತ್ತದೆ. ಎರಡು ಗೋಡೆ ದಾಟಿದರೆ 2.4ರಲ್ಲಿ 40ರ ಹತ್ತಿರ. 2.4 ದೂರ ಹೋಗುತ್ತೆ, 5 ವೇಗ ಕೊಡುತ್ತೆ ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತೆ. ವೇಗದ ಬಗ್ಗೆ ನನ್ನ ದೂರು ಏನೂ ಇಲ್ಲ.

ದೂರು ಇರುವುದು ಒಂದೇ ವಿಷಯಕ್ಕೆ. ‘ಪಾಸ್‌ವರ್ಡ್ ತಪ್ಪಾಗಿದೆ’ ಅನ್ನುವ ಆ ಒಂದು ಸಾಲು. ಮೂರು ವರ್ಷದಲ್ಲಿ ಇದು ನಮ್ಮ ಮನೆಯಲ್ಲಿ ಐದು ಥರ ಕಾಡಿದೆ. ಅದರಲ್ಲಿ ಒಂದು ಸಲ ಮಾತ್ರ ಟೈಪ್ ಮಾಡಿದ್ದು ತಪ್ಪಾಗಿತ್ತು.

ಅದು ಮೊದಲನೇ ವಾರದ್ದು. ರೂಟರ್ ಅಡಿಯ ಸ್ಟಿಕ್ಕರ್‌ನಲ್ಲಿ ಸೊನ್ನೆ ಯಾವುದು, ಇಂಗ್ಲಿಷ್ ‘ಓ’ ಯಾವುದು ಗೊತ್ತಾಗುತ್ತಿರಲಿಲ್ಲ. ಒಂದು ಮತ್ತು ಸಣ್ಣ ‘ಎಲ್’ ಕೂಡ ಹಾಗೇ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ, ಮುಗೀತು. ಟೈಪ್ ಮಾಡುವಾಗ ಕಣ್ಣಿನ ಗುರುತು ಒತ್ತಿ ಅಕ್ಷರ ಕಾಣುವ ಹಾಗೆ ಮಾಡಿಕೊಳ್ಳಿ. ಮೊದಲ ಅಕ್ಷರ ತಾನಾಗೇ ದೊಡ್ಡಕ್ಷರ ಆಗಿರಬಹುದು. ಕಾಪಿ ಮಾಡಿ ಹಾಕಿದರೆ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿರಬಹುದು. ಕನ್ನಡ ಕೀಬೋರ್ಡ್‌ನಲ್ಲಿದ್ದರೆ 5ರ ಬದಲು ೫ ಬಿದ್ದಿರಬಹುದು. ನಮಗೆ ಎರಡೂ ಐದೇ. ರೂಟರ್‌ಗೆ ಬೇರೆ ಬೇರೆ.

ಎರಡನೇ ಸಲದ್ದು ಸ್ವಲ್ಪ ವಿವರವಾಗಿ ಹೇಳಬೇಕು.

ಲೈನ್ ಹಾಕಿಸಿ ಒಂದು ವರ್ಷ ಆಗಿತ್ತು. ಮಗಳ ಸ್ನೇಹಿತರು, ಪಕ್ಕದ ಮನೆಯವರು, ಪೇಂಟಿಂಗ್‌ಗೆ ಬಂದವರು ಎಲ್ಲರ ಹತ್ತಿರವೂ ನಮ್ಮ ಪಾಸ್‌ವರ್ಡ್ ಇತ್ತು. ಬದಲಾಯಿಸೋಣ ಅಂತ ಒಂದು ಭಾನುವಾರ ಹೊಸದು ಹಾಕಿದೆ. ಮಾವ ಅದನ್ನು ತಮ್ಮ ಡೈರಿಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಬರೆದುಕೊಂಡರು. ಹಳೇದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರು. ಕೆಳಗೆ ಹೋಗಿ ಹಾಕಿದರೆ ‘ಪಾಸ್‌ವರ್ಡ್ ತಪ್ಪಾಗಿದೆ’. ಮತ್ತೆ ಹಾಕಿದರು. ಮತ್ತೆ ಅದೇ. ಅವರಿಗೆ ಬೆಳಗ್ಗೆ ಎದ್ದ ಕೂಡಲೇ ಮೊಬೈಲ್‌ನಲ್ಲಿ ಆಕಾಶವಾಣಿ ಬೇಕು. ಮಾರನೇ ದಿನ ಅದು ನಿಂತುಹೋಯಿತು.

ನನ್ನ ಫೋನ್ ಮಾತ್ರ ಕೆಳಗೂ ಚೆನ್ನಾಗಿ ಓಡುತ್ತಿತ್ತು. ‘ನನಗೆ ಬರ್ತಿದೆಯಲ್ಲ ಮಾವ, ಇನ್ನೊಂದು ಸಲ ನಿಧಾನವಾಗಿ ಹಾಕಿ ನೋಡಿ’ ಅಂದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಕಡೆಯವರು ಮಾವನಿಗೆ ‘ವಯಸ್ಸಾಗಿದೆ ಅಲ್ವಾ ಸಾರ್, ಮನೇಲಿ ಚಿಕ್ಕವರು ಯಾರಾದ್ರೂ ಇದ್ರೆ ಅವರ ಕೈಲಿ ಹಾಕಿಸಿ’ ಅಂದರು. ಮಾವ ಏನೂ ಮಾತಾಡದೆ ಫೋನ್ ಇಟ್ಟರು. ನಲವತ್ತು ವರ್ಷ ಲೆಕ್ಕಪತ್ರ ಬರೆದ ಮನುಷ್ಯ. ಆ ಮುಖ ನನಗೆ ಇನ್ನೂ ನೆನಪಿದೆ. ಈ ವಿಮರ್ಶೆ ಬರೆಯಲು ಅದೇ ಮುಖ್ಯ ಕಾರಣ.

ಮೂರನೇ ದಿನ ಆಪರೇಟರ್ ಕಡೆಯ ಹುಡುಗ ಬಂದ. ನಾನು ಬೇಡ ಅನ್ನುವುದರೊಳಗೆ ಸೇಫ್ಟಿ ಪಿನ್ ತೆಗೆದು ರೂಟರ್ ಹಿಂದಿನ ಸಣ್ಣ ತೂತಿಗೆ ಚುಚ್ಚಿ ಹಿಡಿದ. ರೀಸೆಟ್! ವೈಫೈ ಹೆಸರು, ಪಾಸ್‌ವರ್ಡ್ ಮಾತ್ರ ಹೋಗಿದ್ದರೆ ಚಿಂತೆ ಇರಲಿಲ್ಲ. ಲೈನ್‌ನ ಪಿಪಿಪಿಒಇ (ರೂಟರ್ ಆಪರೇಟರ್‌ನ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಅಳಿಸಿಹೋಯಿತು. ಅದು ಅವನ ಹತ್ತಿರವೂ ಇರಲಿಲ್ಲ. ಆಫೀಸಿನಿಂದ ತರಿಸಿ ಹಾಕುವ ಹೊತ್ತಿಗೆ ರಾತ್ರಿ ಎಂಟು. ಅವತ್ತಿನ ನನ್ನ ಕ್ಲಾಸ್ ಪೂರ್ತಿ ಹೋಯಿತು. ನಾನು ಅದೇ ಹೊಸ ಪಾಸ್‌ವರ್ಡ್ ಮತ್ತೆ ಹಾಕಿದೆ. ಮಾವ ಕೆಳಗೆ ಹೋಗಿ ನೋಡಿದರೆ ಮತ್ತೆ ಅದೇ ಸಾಲು. ಆ ತೂತಿಗೆ ಪಿನ್ ಹಾಕಲು ಯಾರಾದರೂ ಬಂದರೆ ‘ಪಿಪಿಪಿಒಇ ವಿವರ ಇದೆಯಾ’ ಅಂತ ಮೊದಲು ಕೇಳಿ. ಇಲ್ಲ ಅಂದರೆ ಮುಟ್ಟಲು ಬಿಡಬೇಡಿ.

ಗುಟ್ಟು ಬಿಡಿಸಿದ್ದು ಅತ್ತೆ. ಮಾವ ಕನ್ನಡಕ ಹುಡುಕುತ್ತಿದ್ದಾಗ ಅತ್ತೆ ಡೈರಿ ತೆಗೆದುಕೊಂಡು ತಾವೇ ಓದಿ ಹೇಳಿದರು. ಗೆರೆ ಎಳೆದ ಹಳೇ ಸಾಲನ್ನು ಓದಿಬಿಟ್ಟರು. ಮಾವ ಹಾಗೇ ಹಾಕಿದರು. ‘ಬಂತು ನೋಡಮ್ಮ!’ ಅಂತ ಮೆಟ್ಟಿಲ ಕೆಳಗಿಂದ ಕೂಗಿದರು. ಹೋಗಿ ನೋಡಿದೆ. ವೈಫೈ ಸೇರಿಕೊಂಡಿತ್ತು. ಆದರೆ ‘ಇಂಟರ್ನೆಟ್ ಇಲ್ಲ’ ಅಂತ ತೋರಿಸುತ್ತಿತ್ತು.

ನಾನು ಅಳಿಸಿಹಾಕಿದ ಪಾಸ್‌ವರ್ಡನ್ನು ಒಪ್ಪಿಕೊಳ್ಳುವವರು ಕೆಳಗೆ ಯಾರಿದ್ದಾರೆ? ಆಗ ನೆನಪಾಯಿತು. ಲೈನ್ ಹಾಕಿಸಿದ ಹೊಸದರಲ್ಲಿ ಕೆಳಗೆ ಸಿಗ್ನಲ್ ಸಾಲದು ಅಂತ ಹಾಲ್‌ನ ಶೋಕೇಸ್ ಹಿಂದಿನ ಪ್ಲಗ್‌ಗೆ ರೂಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಒಂದು ಎಕ್ಸ್‌ಟೆಂಡರ್ ಹಾಕಿದ್ದೆವು. ಶೋಕೇಸ್ ಎಳೆದು ನೋಡಿದರೆ ಧೂಳು ಮೆತ್ತಿಕೊಂಡು ಅಲ್ಲೇ ಇತ್ತು, ಕೆಂಪು ದೀಪ ಉರಿಯುತ್ತಿತ್ತು. ಅದಕ್ಕೂ ಮೇಲಿನ ರೂಟರ್‌ನ ಹೆಸರೇ ಇಟ್ಟಿದ್ದೆ, ಆಗಿನ ಪಾಸ್‌ವರ್ಡೇ ಕೊಟ್ಟಿದ್ದೆ. ಮೇಲೆ ಬದಲಾಯಿಸಿದ್ದು ಇದಕ್ಕೆ ಗೊತ್ತಿಲ್ಲ. ರೂಟರ್ ಜೊತೆಗಿನ ಸಂಪರ್ಕ ಕಡಿದುಹೋಗಿದ್ದರೂ ಅದೇ ಹೆಸರಲ್ಲಿ ಕೆಳಗೆಲ್ಲ ಸಿಗ್ನಲ್ ಕೊಡುತ್ತಿತ್ತು. ಫೋನಿನ ಪಟ್ಟಿಯಲ್ಲಿ ಕಾಣುವುದು ಒಂದೇ ಹೆಸರು. ಫೋನ್ ಯಾವುದರ ಸಿಗ್ನಲ್ ಜಾಸ್ತಿಯೋ ಅದನ್ನು ಹಿಡಿಯುತ್ತದೆ. ಕೆಳಗೆ ಕೂತ ಮಾವನಿಗೆ ಎಕ್ಸ್‌ಟೆಂಡರ್ ಸಿಗುತ್ತಿತ್ತು. ನನ್ನ ಫೋನ್ ಮಹಡಿಯಿಂದ ಹಿಡಿದುಕೊಂಡು ಬಂದ ಸಿಗ್ನಲನ್ನು ಬಿಡದೆ ಓಡುತ್ತಿತ್ತು. ಮಾವ ಪ್ರತಿ ಸಲವೂ ಸರಿಯಾಗೇ ಟೈಪ್ ಮಾಡಿದ್ದರು. ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ಎಕ್ಸ್‌ಟೆಂಡರ್ ಅನ್ನು ರೀಸೆಟ್ ಮಾಡಿ (ಇದಕ್ಕೆ ಪಿನ್ ಹಾಕಬಹುದು, ಅದರಲ್ಲಿ ಲೈನ್‌ನ ವಿವರ ಇರುವುದಿಲ್ಲ) ಹೊಸ ಪಾಸ್‌ವರ್ಡ್‌ನಿಂದ ಮತ್ತೆ ಜೋಡಿಸಿದೆ. ಹೆಸರಿನ ಕೊನೆಗೆ ‘ಕೆಳಗೆ’ ಅಂತ ಸೇರಿಸಿದೆ. ಒಂದೇ ಹೆಸರಿದ್ದರೆ ಓಡಾಡುವಾಗ ಅನುಕೂಲ, ನಿಜ. ಆದರೆ ಕೆಟ್ಟಾಗ ಯಾವುದು ಕೆಟ್ಟಿದೆ ಅಂತ ಗೊತ್ತಾಗಬೇಕಲ್ಲ, ಅದು ನನಗೆ ಹೆಚ್ಚು ಮುಖ್ಯ. ಕೆಲವು ರೂಟರ್‌ಗಳಲ್ಲಿ 2.4ಕ್ಕೂ 5ಕ್ಕೂ ಪಾಸ್‌ವರ್ಡ್ ಬೇರೆ ಬೇರೆ ಜಾಗದಲ್ಲಿ ಹಾಕಬೇಕು. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತರೂ ಇದೇ ಗತಿ.

ಇದೆಲ್ಲ ಆದ ಮೇಲೆ ವೈಫೈ ಒಳಗೆ ಏನು ನಡೆಯುತ್ತೆ ಅಂತ ಕೂತು ಓದಿದೆ. ನಮ್ಮ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ! ಡಬ್ಲ್ಯುಪಿಎ2 ಅನ್ನುವ ವೈಫೈ ಸುರಕ್ಷತೆಯ ಪದ್ಧತಿಯಲ್ಲಿ ಪಾಸ್‌ವರ್ಡ್ ಜೊತೆ ವೈಫೈ ಹೆಸರನ್ನೂ ಬೆರೆಸಿ, 4,096 ಸಲ ಲೆಕ್ಕ ತಿರುವಿ ಒಂದು ಕೀಲಿ ಮಾಡುತ್ತಾರೆ. ಫೋನ್ ತನ್ನ ಪಾಡಿಗೆ ಮಾಡಿಕೊಳ್ಳುತ್ತೆ, ರೂಟರ್ ತನ್ನ ಪಾಡಿಗೆ. ಆಮೇಲೆ ನಾಲ್ಕು ಸಂದೇಶಗಳಲ್ಲಿ ಇಬ್ಬರ ಹತ್ತಿರವೂ ಒಂದೇ ಕೀಲಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಹೊಂದದಿದ್ದರೆ ರೂಟರ್ ‘ಪಾಸ್‌ವರ್ಡ್ ತಪ್ಪು’ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ನೆ ಉತ್ತರ ಕೊಡದೆ ಕೂರುತ್ತದೆ. ಕಾದು ಕಾದು ಫೋನೇ ಊಹೆ ಮಾಡಿ ಆ ಸಾಲು ತೋರಿಸುತ್ತದೆ. ಹಾಗಾಗಿ ಸಿಗ್ನಲ್ ಸೋತು ಆ ನಾಲ್ಕರಲ್ಲಿ ಒಂದು ಸಂದೇಶ ತಲುಪದಿದ್ದರೂ, ರೂಟರ್ ಹ್ಯಾಂಗ್ ಆಗಿದ್ದರೂ ಫೋನಿಗೆ ಒಂದೇ ಥರ ಕಾಣಬಹುದು. ಇದನ್ನು ಓದಿದ ಮೇಲೆ ಆ ಸಾಲನ್ನು ನಾನು ‘ರೂಟರ್ ಜೊತೆ ಮಾತು ಮುಗಿಯಲಿಲ್ಲ’ ಅಂತ ಓದಿಕೊಳ್ಳುತ್ತೇನೆ.

ಮೂರನೇ ಸಲ ಸಿಕ್ಕಿಬಿದ್ದದ್ದು ಪ್ರಿಂಟರ್. ರೂಟರ್‌ಗೆ ಅಪ್‌ಡೇಟ್ ಬಂತು, ಸೆಕ್ಯುರಿಟಿ ತಾನಾಗೇ ಡಬ್ಲ್ಯುಪಿಎ2 ಇದ್ದದ್ದು ಡಬ್ಲ್ಯುಪಿಎ3 ಆಯಿತು. ಡಬ್ಲ್ಯುಪಿಎ3 ಬಂದಿದ್ದು 2018ರಲ್ಲಿ. ಕೀಲಿ ಒಪ್ಪಿಸುವ ಕ್ರಮವೇ ಅದರಲ್ಲಿ ಬೇರೆ. ನಮ್ಮ ಪ್ರಿಂಟರ್ ಅದಕ್ಕಿಂತ ಹಳೇದು, ಅತ್ತೆಯ ಫೋನೂ ಹಳೇದು. ಎರಡಕ್ಕೂ ಆ ಭಾಷೆ ಗೊತ್ತಿಲ್ಲ. ಮಗಳ ಹೊಸ ಫೋನ್ ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು. ಹೊಸದೆಲ್ಲ ಸೇರಿಕೊಂಡು ಹಳೇದು ಮಾತ್ರ ಹೊರಗೆ ಉಳಿದರೆ ಮೊದಲು ಇದನ್ನೇ ನೋಡಿ. ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹಾಕಿ (ನಮ್ಮದು 192.168.1.1, ನಿಮ್ಮದು ಸ್ಟಿಕ್ಕರ್‌ನಲ್ಲಿರುತ್ತದೆ) ವೈರ್‌ಲೆಸ್ ಸೆಕ್ಯುರಿಟಿಗೆ ಹೋದೆ. ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಮಿಶ್ರ ಆಯ್ಕೆ ಹಾಕಿದೆ. ಅತ್ತೆಯ ಫೋನ್ ಬಂತು. ಪ್ರಿಂಟರ್ ಆಗಲೂ ಬರಲಿಲ್ಲ. ಅದಕ್ಕೆ ಗೆಸ್ಟ್ ನೆಟ್‌ವರ್ಕ್ (ಅದೇ ರೂಟರ್ ಬೇರೆ ಹೆಸರಲ್ಲಿ ಕೊಡುವ ಇನ್ನೊಂದು ವೈಫೈ) ಆನ್ ಮಾಡಿ, ಅಲ್ಲಿ ಬರೀ ಡಬ್ಲ್ಯುಪಿಎ2 ಎಇಎಸ್ (ಎಇಎಸ್ ಅಂದರೆ ಮಾಹಿತಿಗೆ ಬೀಗ ಹಾಕುವ ವಿಧಾನ) ಇಟ್ಟು ಬೇರೆ ಪಾಸ್‌ವರ್ಡ್ ಕೊಟ್ಟೆ. ಪ್ರಿಂಟ್ ತೆಗೆಯುವಾಗ ಲ್ಯಾಪ್‌ಟಾಪನ್ನೂ ಗೆಸ್ಟ್‌ಗೆ ಹಾಕಿಕೊಳ್ಳಬೇಕು. ನಮ್ಮ ರೂಟರ್‌ನಲ್ಲಿ ಗೆಸ್ಟ್‌ಗಳು ಒಬ್ಬರನ್ನೊಬ್ಬರು ನೋಡಲು ಬಿಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿದ್ದೇನೆ. ಪ್ರಿಂಟರ್‌ಗೋಸ್ಕರ ಇಡೀ ಮನೆಯ ಬೀಗ ಸಡಿಲ ಮಾಡುವುದು ಬೇಡ ಅನ್ನಿಸಿತು. ನೆಂಟರು ಬಂದಾಗಲೂ ಗೆಸ್ಟ್ ಪಾಸ್‌ವರ್ಡೇ ಕೊಡುತ್ತೇನೆ.

ನಾಲ್ಕನೇ ಸಲದ್ದು ನಾನೇ ಹಾಕಿದ್ದ ನಿರ್ಬಂಧದಿಂದ. ಪಟ್ಟಿಯಲ್ಲಿರುವ ಫೋನ್ ಮಾತ್ರ ಸೇರಬಹುದು ಅಂತ ಮ್ಯಾಕ್ ಫಿಲ್ಟರ್ ಹಾಕಿದ್ದೆ. ಮ್ಯಾಕ್ ಅಂದರೆ ಒಂದೊಂದು ಸಾಧನಕ್ಕೂ ಇರುವ ಗುರುತಿನ ವಿಳಾಸ. ವೈಫೈ ಹೆಸರು ಬದಲಾಯಿಸಿದ ದಿನ ಎಲ್ಲರ ಫೋನೂ ಹೊರಗೆ ಬಿತ್ತು. ಆಂಡ್ರಾಯ್ಡ್ 10ರಿಂದ, ಐಫೋನ್‌ನಲ್ಲಿ ಐಒಎಸ್ 14ರಿಂದ, ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಕೊಡದೆ ಒಂದೊಂದು ವೈಫೈಗೆ ಒಂದೊಂದು ವಿಳಾಸ ಮಾಡಿಕೊಳ್ಳುತ್ತವೆ. ಹೆಸರು ಹೊಸದಾದರೆ ವಿಳಾಸವೂ ಹೊಸದು, ಪಟ್ಟಿಯಲ್ಲಿ ಅದು ಇರುವುದಿಲ್ಲ. ಮ್ಯಾಕ್ ಫಿಲ್ಟರ್ ತೆಗೆದುಹಾಕಿದೆ. ಉದ್ದದ ಪಾಸ್‌ವರ್ಡ್ ಒಂದಿದ್ದರೆ ಮನೆಗೆ ಸಾಕು. 8ರಿಂದ 63 ಅಕ್ಷರದವರೆಗೆ ಇಡಬಹುದು. ನಾನು ಸಣ್ಣಕ್ಷರ ಮತ್ತು ಅಂಕಿ ಸೇರಿಸಿ ಹದಿನಾರು ಇಟ್ಟಿದ್ದೇನೆ. ಸೊನ್ನೆ, ‘ಓ’, ಒಂದು, ‘ಎಲ್’ ಬಿಟ್ಟಿದ್ದೇನೆ.

ಕೊನೆಯದು ನಿಜವಾಗಿಯೂ ಈ ರೂಟರ್‌ನ ದೋಷ. ಎರಡು ಮೂರು ತಿಂಗಳಿಗೊಮ್ಮೆ, ಹೆಚ್ಚಾಗಿ ಏಪ್ರಿಲ್ ಬಿಸಿಲಲ್ಲಿ, ಇಲ್ಲವೇ ಕರೆಂಟ್ ಪದೇ ಪದೇ ಹೋಗಿ ಬಂದ ದಿನ, ಇದು ಯಾವ ಫೋನನ್ನೂ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಮೊದಲೇ ಸೇರಿದ್ದವು ಓಡುತ್ತಿರುತ್ತವೆ. ಹೊಸದಾಗಿ ಬಂದವರಿಗೆ ಪಾಸ್‌ವರ್ಡ್ ತಪ್ಪು. ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿ, ಮೂರು ನಿಮಿಷ ಕಾದರೆ ಸರಿಹೋಗುತ್ತದೆ. ಮುಚ್ಚಿದ ಕಪಾಟಿನಿಂದ ತೆಗೆದು ಗೋಡೆಗೆ ಸಿಕ್ಕಿಸಿದೆ, ಜೊತೆಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಕೊಟ್ಟೆ. ಕಡಿಮೆ ಆಗಿದೆ, ಪೂರ್ತಿ ನಿಂತಿಲ್ಲ.

ಈಗ ಮನೆಯಲ್ಲಿ ಯಾರಿಗಾದರೂ ಆ ಸಾಲು ಬಂದರೆ ನಾನು ಮೊದಲು ಫೋನ್ ತೆಗೆದುಕೊಂಡು ರೂಟರ್ ಪಕ್ಕಕ್ಕೇ ಹೋಗಿ ನಿಲ್ಲುತ್ತೇನೆ. ಹಳೇ ವೈಫೈ ಹೆಸರನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಹಾಕುತ್ತೇನೆ. ಅಲ್ಲಿ ಒಪ್ಪಿ ದೂರದಲ್ಲಿ ಒಪ್ಪದಿದ್ದರೆ ಸಿಗ್ನಲ್ ಅಥವಾ ಎಕ್ಸ್‌ಟೆಂಡರ್. ಅಲ್ಲೂ ಒಂದೇ ಫೋನ್ ಒಪ್ಪದಿದ್ದರೆ ಆ ಫೋನ್. ಯಾವುದೂ ಒಪ್ಪದಿದ್ದರೆ ರೂಟರ್. ಎರಡು ನಿಮಿಷದ ಕೆಲಸ. ಕಸ್ಟಮರ್ ಕೇರ್‌ನವರು ಫೋನ್ ಎತ್ತಿದ ಕೂಡಲೇ ಇಷ್ಟನ್ನು ಕೇಳಿದ್ದರೆ ನಮ್ಮ ಮನೆಯಲ್ಲಿ ಆ ಮೂರು ದಿನ ಆಗುತ್ತಲೇ ಇರಲಿಲ್ಲ.

ವೇಗಕ್ಕೆ, ಲೈನ್‌ಗೆ ನಾಲ್ಕೂವರೆ ಸ್ಟಾರ್. ರೂಟರ್‌ಗೆ ಮೂರು. ಸಹಾಯವಾಣಿಗೆ ಒಂದೂವರೆ. ಇನ್ನೊಂದು ವರ್ಷಕ್ಕೆ ರಿನ್ಯೂ ಮಾಡಿಸಿದ್ದೇನೆ, ಯಾಕಂದರೆ ನಮ್ಮ ಬೀದಿಯಲ್ಲಿ ಇಷ್ಟು ನಂಬಿಕೆಯಿಂದ ಓಡುವ ಲೈನ್ ಬೇರೆ ಇಲ್ಲ. ದಸರಾಕ್ಕೆ ನಾದಿನಿ ಮನೆಯವರು ಬರುತ್ತಾರೆ, ಹತ್ತು ಫೋನ್ ಜಾಸ್ತಿಯಾಗುತ್ತೆ. ಅದಕ್ಕೆ ಮುಂಚೆ ಮಹಡಿಯಿಂದ ಕೆಳಗಿನ ಹಾಲ್‌ಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಎಕ್ಸ್‌ಟೆಂಡರ್ ಜಾಗದಲ್ಲಿ ಆ ಕೇಬಲ್‌ನಿಂದಲೇ ಇಂಟರ್ನೆಟ್ ಪಡೆದು ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಹಾಕಿಸುವುದಿದೆ. ಹಾಕಿಸಿದ ಮೇಲೆ ಇಲ್ಲೇ ಸೇರಿಸಿ ಬರೆಯುತ್ತೇನೆ.